ಸಹಾಯ ಬೇಕು: ಜನರೇಟರ್ ತಯಾರಿಕೆಯ ಅಪಾಯಗಳನ್ನು ಬ್ಯಾಂಕಿಗೆ ವಿವರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಜನರೇಟರ್ ತಯಾರಿಸುವ ಮಧ್ಯಮ ಗಾತ್ರದ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಸಾಲ ಕೊಡುವ ಮುನ್ನ ಬ್ಯಾಂಕಿನವರು ವ್ಯವಹಾರದ ಅಪಾಯಗಳ ಬಗ್ಗೆ ಟಿಪ್ಪಣಿ ಕೇಳಿದ್ದಾರೆ. ಅದನ್ನು ಬರೆಯುವ ಕೆಲಸ ನನ್ನ ಹೆಗಲಿಗೆ ಬಿದ್ದಿದೆ.

ಹೆಚ್ಚು ಕಾಡುತ್ತಿರುವುದು ಬೇಡಿಕೆಯ ಸ್ವಭಾವ. ಬಿರುಗಾಳಿ ಬೀಸಿ ನಾಲ್ಕು ದಿನ ವಿದ್ಯುತ್ ಹೋದರೆ ಫೋನ್ ಕೆಳಗಿಡಲು ಬಿಡುವಿರುವುದಿಲ್ಲ. ಮರುವರ್ಷ ಹವೆ ಶಾಂತವಾಗಿದ್ದರೆ, ಅದೇ ಹುಮ್ಮಸ್ಸಿನಲ್ಲಿ ಮಾಡಿಟ್ಟ ಸರಕು ಡೀಲರ್‌ಗಳ ಗೋದಾಮಿನಲ್ಲಿ ಧೂಳು ಹಿಡಿಯುತ್ತದೆ. ನಮ್ಮ ದುಡಿಯುವ ಬಂಡವಾಳವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಊರಿಗೆ ಕತ್ತಲಾದರೆ ನಮಗೆ ಬೆಳಕು ಎನ್ನುವಂಥ ವ್ಯಾಪಾರ ಇದು, ಹೇಳಿಕೊಳ್ಳಲು ಮುಜುಗರ. ಹತ್ತು ವರ್ಷಗಳ ಸರಾಸರಿ ತೋರಿಸಿದರೆ ಸಾಕೇ, ಅತಿ ಕೆಟ್ಟ ವರ್ಷವನ್ನು ಬೇರೆಯಾಗಿಯೇ ತೋರಿಸಬೇಕೇ?

ಇನ್ನು ಎಂಜಿನ್. ಅದು ಒಬ್ಬನೇ ಪೂರೈಕೆದಾರನಿಂದ ಬರುತ್ತದೆ. ಹೊಗೆಯ ಮಿತಿ ಬಿಗಿಯಾದಾಗಲೆಲ್ಲ ಎಂಜಿನ್ ಬದಲಾಗುತ್ತದೆ, ಅದರ ಹಿಂದೆಯೇ ಚೌಕಟ್ಟು, ಸೈಲೆನ್ಸರ್, ಪರೀಕ್ಷೆ ಎಲ್ಲವೂ. 2021ರ ಚಿಪ್ ಕೊರತೆಯಲ್ಲಿ ನಿಯಂತ್ರಣ ಫಲಕಗಳಿಲ್ಲದೆ ಸಿದ್ಧ ಯಂತ್ರಗಳು ಸಾಲಾಗಿ ನಿಂತಿದ್ದವು. ತಾಮ್ರದ ಬೆಲೆಯ ಏರಿಳಿತ ಇದ್ದೇ ಇದೆ.

ಕಾನೂನು ಬಲ್ಲವರಿಗೆ ಒಂದು ಪ್ರಶ್ನೆ. ಎಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ರಾಹಕರು ಮುಚ್ಚಿದ ಕೋಣೆಯಲ್ಲಿ ಯಂತ್ರ ಓಡಿಸಿ ಅನಾಹುತವಾದರೆ, ಎಚ್ಚರಿಕೆಯ ಚೀಟಿ ಅಂಟಿಸಿದ ಮಾತ್ರಕ್ಕೆ ನಮ್ಮ ಹೊಣೆ ತಪ್ಪುತ್ತದೆಯೇ?

ಬ್ಯಾಟರಿ ಮತ್ತು ಸೌರ ವಿದ್ಯುತ್ತಿನ ಪೈಪೋಟಿಯನ್ನು ಬರೆಯುವುದೇ ಬೇಡ ಎನ್ನುತ್ತಾರೆ ನಮ್ಮ ಮಾಲೀಕರು. ಬಚ್ಚಿಟ್ಟರೆ ಬ್ಯಾಂಕಿನವರಿಗೆ ಕಾಣುವುದಿಲ್ಲವೇ? ಇಂಥ ಟಿಪ್ಪಣಿ ಬರೆದ ಅನುಭವವಿರುವವರು ದಯವಿಟ್ಟು ತಿಳಿಸಿ. ಮಾದರಿ ಇದ್ದರೆ ಇನ್ನೂ ಒಳ್ಳೆಯದು.