ಅಪ್ಪಯ್ಯನ ಕೆನ್ನೆಯೊಳಗೆ ಬಿಳಿ ಮಚ್ಚೆ: ಕವಳ ಬಿಟ್ಟವರು, ಬಿಡಿಸಿದವರು ಹೇಳಿ

ಕೇಳಿದವರು: ಶಿರಸಿ ಕಡೆಯ ಮಗಳು, ಈಗ ಬೆಂಗಳೂರು

ಅಪ್ಪಯ್ಯನಿಗೆ 58. ಮೂವತ್ತೈದು ವರ್ಷದಿಂದ ಕವಳ (ಎಲೆ ಅಡಿಕೆ), ಹೊಗೆಸೊಪ್ಪು ಸೇರಿಸಿಯೇ. ಹೋದ ವಾರ ಊರಿಗೆ ಹೋಗಿದ್ದೆ. ಊಟಕ್ಕೆ ಕೂತವರು ಸಾರು ಬೇಡ, ಮಜ್ಜಿಗೆ ಅನ್ನ ಸಾಕು ಅಂದರು. ಖಾರ ಉರಿಯುತ್ತದಂತೆ. ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಎಡಗೆನ್ನೆಯ ಒಳಗೆ, ಅವರು ಕವಳ ಒತ್ತಿಟ್ಟುಕೊಳ್ಳುವ ಜಾಗದಲ್ಲೇ, ಎಂಟಾಣೆ ಬಿಲ್ಲೆಯಷ್ಟು ಬಿಳಿ ಮಚ್ಚೆ. "ಸುಣ್ಣ ಸುಟ್ಟಿದ್ದು, ಹೋಗ್ತದೆ" ಅನ್ನುತ್ತಾರೆ. ಡಾಕ್ಟರ್ ಹೆಸರೆತ್ತಿದರೆ ಎದ್ದು ತೋಟಕ್ಕೆ ಹೋಗುತ್ತಾರೆ. ಆಯಿ ಬೇರೆ "ಇಲ್ಲದ್ದು ಹೇಳಿ ಹೆದರಿಸಬೇಡ" ಅನ್ನುತ್ತಾಳೆ. ಇದು ಕ್ಯಾನ್ಸರಾ? ಅವರನ್ನು ಒಪ್ಪಿಸುವುದು ಹೇಗೆ? ನೀವು ನಿಜವಾಗಿ ಏನು ಮಾಡಿದಿರಿ, ಅದನ್ನು ಹೇಳಿ.

ಸಾಗರದಿಂದ

ತಂಗಿ, ನಾನು ಬಿಟ್ಟವನು. ನನಗೂ ಅದೇ ಮಚ್ಚೆ, ಬಲಗೆನ್ನೆ ಅಷ್ಟೇ.

ನಾನು ಹಲ್ಲಿನ ಡಾಕ್ಟರ್ ಹತ್ತಿರ ಹೋಗಿದ್ದು ದವಡೆ ಹಲ್ಲು ನೋವಿಗೆ. ಅವರು ಹಲ್ಲು ಬಿಟ್ಟು ಕೆನ್ನೆ ನೋಡುತ್ತಾ ಕೂತರು. ಬೆರಳಿಗೆ ಬಟ್ಟೆ ಸುತ್ತಿ ಮಚ್ಚೆ ಉಜ್ಜಿದರು. ಹೋಗಲಿಲ್ಲ. ಆಮೇಲೆ ನನ್ನದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಟ್ಟುಕೊಳ್ಳಿ ಅಂದರು. ಎರಡು ಹೋದವು. ಮೂರನೆಯದು ಹಲ್ಲಿಗೆ ತಾಗಿತು. ಹೋಳಿಗೆ ಮಡಚಿ ತಿನ್ನುತ್ತಿದ್ದವನು ಯಾವಾಗಲೋ ಚೂರು ಮಾಡಿ ತಿನ್ನಲು ಶುರು ಮಾಡಿದ್ದೆ. ಯಾಕೆ ಅಂತ ಆವತ್ತು ಗೊತ್ತಾಯಿತು.

ಬಯಾಪ್ಸಿ ಅಂದರೆ ಕಡಲೆಕಾಳಿಗಿಂತ ಚಿಕ್ಕ ಚೂರು ತೆಗೆಯುವುದು. ಮರಗಟ್ಟುವ ಇಂಜೆಕ್ಷನ್, ಎರಡು ಹೊಲಿಗೆ, ನಾಲ್ಕು ದಿನ ತಣ್ಣಗಿನ ಗಂಜಿ. "ಚಾಕು ತಾಗಿದರೆ ಹರಡುತ್ತದೆ" ಅಂತ ಊರವರೆಲ್ಲ ಹೆದರಿಸಿದ್ದರು. ಅದು ಸುಳ್ಳು. ರಿಪೋರ್ಟಿನಲ್ಲಿ ಬಂದಿದ್ದು ಕ್ಯಾನ್ಸರ್ ಅಲ್ಲ, ಆದರೆ ಜೀವಕೋಶ ಕೆಡಲು ಶುರುವಾಗಿದೆ ಅಂತ.

ಆವತ್ತೇ ಬಿಟ್ಟೆ. ಮೊದಲ ವಾರ ಸಾಕುಸಾಕಾಯ್ತು. ನಿದ್ದೆ ಇಲ್ಲ, ಹೊಟ್ಟೆ ಕಟ್ಟಿತು, ಕಂಡವರ ಮೇಲೆಲ್ಲ ರೇಗಿದೆ. ಮೂರನೇ ವಾರದ ಹೊತ್ತಿಗೆ ತಲೆ ತಿಳಿಯಾಯಿತು. ಆದರೆ ಕೈ ಕೇಳಲಿಲ್ಲ. ಊಟವಾದ ಕೂಡಲೇ ಅದು ಕವಳದ ಹರಿವಾಣ ಹುಡುಕುತ್ತಿತ್ತು. ಎಲೆ ತೊಟ್ಟು ಚಿವುಟಬೇಕು, ನಾರು ಎಳೆಯಬೇಕು, ಪಂಚೆಗೆ ಒರೆಸಬೇಕು, ಸುಣ್ಣ ಸವರಬೇಕು. ಇದೆಲ್ಲ ದಿನಕ್ಕೆ ಹನ್ನೆರಡು ಸಲ ಮಾಡಿದ ಕೈ ಅಲ್ವಾ! ಮನೆಯವಳು ಹರಿವಾಣ ಅಟ್ಟಕ್ಕೆ ಹಾಕಿ, ಆ ಜಾಗದಲ್ಲಿ ಸಿಪ್ಪೆ ಸಮೇತ ನೆಲಗಡಲೆ ಇಟ್ಟಳು. ಸುಲಿಯುತ್ತಾ ಕೂರುತ್ತಿದ್ದೆ. ಹೊಗೆಸೊಪ್ಪಿನ ಪಾಕೆಟ್ ಮೇಲೆ 1800-11-2356 ಅಂತ ನಂಬರ್ ಇರುತ್ತದೆ, ಬಿಡಬೇಕು ಅನ್ನುವವರಿಗೆ. ದುಡ್ಡಿಲ್ಲ. ನನ್ನ ಹತ್ತಿರ ಕನ್ನಡದಲ್ಲೇ ಮಾತಾಡಿದರು.

ಅಡಿಕೆ ಈಗಲೂ ಬೆಳೆಯುತ್ತೇನೆ, ಮಾರುತ್ತೇನೆ. ಬೈಯುವವರು ಬೈಯಿರಿ. ಆದರೆ ಅಡಿಕೆ ಸುಲಿಯುವ ರಾತ್ರಿ ಮಾತ್ರ ನಾನು ಅಂಗಳದಲ್ಲಿ ಕೂರುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು "ಒಂದೇ ಒಂದು ಹಾಕು ಮಾರಾಯ" ಅನ್ನುತ್ತಾರೆ.

ತೀರ್ಥಹಳ್ಳಿಯಿಂದ

ಹೊಗೆಸೊಪ್ಪು ಬಿಟ್ಟರೆ ಸಾಕು. ಬರೀ ಎಲೆ ಅಡಿಕೆ ಏನೂ ಮಾಡುವುದಿಲ್ಲ, ಜೀರ್ಣಕ್ಕೆ ಒಳ್ಳೆಯದು. ನಮ್ಮಜ್ಜಿ 92 ವರ್ಷದವರೆಗೆ ಕುಟ್ಟಿಕೊಂಡು ತಿಂದಳು.

ದಾವಣಗೆರೆಯಿಂದ, ಹಲ್ಲಿನ ಡಾಕ್ಟರ್

ಅಜ್ಜಿಗೆ ಏನೂ ಆಗಲಿಲ್ಲ, ಸಂತೋಷ. ಆದರೆ ಏನಾದರೂ ಆದವರ ಬಾಯಿ ನೋಡುವುದು ನನ್ನ ದಿನದ ಕೆಲಸ, ಅದಕ್ಕೆ ಹೇಳುತ್ತೇನೆ. ತಂಬಾಕು ಇಲ್ಲದ ಎಲೆ ಅಡಿಕೆಯೂ, ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಅದರ ಜೊತೆ ಕುಡಿತವೂ ಇದ್ದರೆ ಮತ್ತಷ್ಟು.

ಒಳಗೆ ಆಗುವುದು ಇಷ್ಟು. ಕೆನ್ನೆಯ ಒಳಪದರ ಸವೆದಂತೆಲ್ಲ ಹೊಸ ಜೀವಕೋಶ ಹುಟ್ಟುತ್ತಲೇ ಇರುತ್ತದೆ. ಒಂದೇ ಜಾಗವನ್ನು ಸುಣ್ಣ ಸುಟ್ಟು, ಅಡಿಕೆ ತರಚಿ, ತಂಬಾಕಿನ ವಿಷ ಇಳಿದರೆ, ರಿಪೇರಿ ಕೆಲಸ ನಿಲ್ಲುವುದೇ ಇಲ್ಲ. ಆ ಅವಸರದಲ್ಲಿ ತಪ್ಪು ನಕಲು ಹುಟ್ಟುತ್ತವೆ. ಹೆಚ್ಚಿನವು ಅಲ್ಲೇ ಸಾಯುತ್ತವೆ. ಸಾಯದೆ, ಹೇಳಿದ ಮಾತು ಕೇಳದೆ ಬೆಳೆಯುತ್ತಾ ಹೋಗುವುದು ಕ್ಯಾನ್ಸರ್. ಇದಕ್ಕೆ ವರ್ಷಗಟ್ಟಲೆ ಬೇಕು. ಹಾಗಾಗಿ ಬಿಳಿ ಮಚ್ಚೆ ಕಂಡಾಗ ಸಾಮಾನ್ಯವಾಗಿ ಇನ್ನೂ ಸಮಯ ಇರುತ್ತದೆ. ಎಲ್ಲ ಬಿಳಿ ಮಚ್ಚೆಯೂ ಕ್ಯಾನ್ಸರ್ ಆಗುವುದಿಲ್ಲ. ಆದರೆ ಯಾವುದು ಆಗುತ್ತದೆ ಅಂತ ಬರೀ ಕಣ್ಣಲ್ಲಿ ಹೇಳಲು ನನ್ನಿಂದಲೂ ಆಗದು, ಮೊಬೈಲ್ ಫೋಟೋದಲ್ಲಂತೂ ಯಾರಿಂದಲೂ ಆಗದು. ಕೆಂಪು ಮಚ್ಚೆ ಇದ್ದರೆ ಇನ್ನೂ ಬೇಗ ಬನ್ನಿ. ಎರಡು ವಾರ ದಾಟಿದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು, ಸುಮ್ಸುಮ್ನೆ ಅಲ್ಲಾಡುವ ಹಲ್ಲು, ಇವಕ್ಕೂ ಅದೇ ಮಾತು.

ಸಾಗರದವರು ಹೇಳಿದ ಬಾಯಿ ಬಿಗಿತಕ್ಕೆ ಮುಖ್ಯ ಕಾರಣ ಅಡಿಕೆ. ಚರ್ಮದ ಕೆಳಗೆ ನಾರು ಕಟ್ಟಿಕೊಳ್ಳುತ್ತದೆ. ಕವಳ ಬಿಟ್ಟರೂ ಆ ನಾರು ಪೂರ್ತಿ ಕರಗುವುದಿಲ್ಲ. ಐಸ್‌ಕ್ರೀಂ ಕಡ್ಡಿ ಒಂದೊಂದೇ ಜಾಸ್ತಿ ಮಾಡುತ್ತಾ ಬಾಯಿ ತೆರೆಯುವ ವ್ಯಾಯಾಮ ಹೇಳಿಕೊಡುತ್ತೇವೆ. ಆದರೆ ಬಿಟ್ಟವರಿಗೆ ಕ್ಯಾನ್ಸರಿನ ಅಪಾಯ ಇಳಿಯುತ್ತದೆ, 58ರಲ್ಲಿ ಬಿಟ್ಟರೂ.

ಬಾಯಿ ತೆರೆಸಿ ನೋಡುವುದು ಸಣ್ಣ ಕೆಲಸ ಅನ್ನಿಸಬಹುದು. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಇದನ್ನೇ ಮಾಡಿ ನೋಡಿದರು. ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. ಡಾಕ್ಟರ್‌ಗಳಲ್ಲ. 2005ರಲ್ಲಿ ಲೆಕ್ಕ ಹೊರಬಿತ್ತು. ತಂಬಾಕು ಅಥವಾ ಕುಡಿತ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಿತ್ತು.

ಹುಬ್ಬಳ್ಳಿಯಿಂದ

ನಮ್ಮ ಮೈದುನನದು ಗುಟ್ಕಾ. ರಾಜ್ಯದಲ್ಲಿ 2013ರಲ್ಲೇ ನಿಷೇಧ ಆಯ್ತು. ಆದರೆ ಅಂಗಡಿಯಲ್ಲಿ ಪಾನ್ ಮಸಾಲಾ ಒಂದು ಪಾಕೆಟ್, ತಂಬಾಕು ಇನ್ನೊಂದು ಪಾಕೆಟ್ ಕೊಟ್ಟರು. ಇವನು ಕೂಡಿಸಿ ಹಾಕಿಕೊಂಡ. ಹುಣ್ಣಾದ ಮೇಲೆ ನಾಲ್ಕು ತಿಂಗಳು ಔಷಧಿ ಅಂಗಡಿಯ ಮುಲಾಮು ಹಚ್ಚಿದ. ಬಾಯಿ ಹುಣ್ಣಿಗೆ ಬಿ ಕಾಂಪ್ಲೆಕ್ಸ್ ಸಾಕು ಅಂತ ನಾವೂ ಅಂದೆವು, ಸುಳ್ಳು ಯಾಕೆ ಹೇಳಲಿ. ಕಡೆಗೆ ಕೆಳದವಡೆ ಅರ್ಧ ತೆಗೆದರು. ಅವನಿಗೆ ಆಗ 36. ಈಗ ಮಾತು ಮನೆಯವರಿಗೆ ಮಾತ್ರ ತಿಳಿಯುತ್ತದೆ.

ಖರ್ಚಿನ ವಿಷಯ: ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ನಮಗೆ ಬಹಳ ನೆರವಾಯಿತು. ಆ ಯೋಜನೆಯ ಕಾರ್ಡನ್ನು ಆಸ್ಪತ್ರೆಗೆ ಹೋಗುವ ಮೊದಲೇ ಮಾಡಿಸಿಡಿ.

ಸಾಗರದಿಂದ, ಮತ್ತೆ

ಒಪ್ಪಿಸುವುದು ಹೇಗೆ ಅಂತ ಕೇಳಿದ್ದಿರಿ, ಮರೆತೆ. ಕ್ಯಾನ್ಸರ್ ಅನ್ನುವ ಮಾತು ಎತ್ತಬೇಡಿ. ಹಲ್ಲು ಕ್ಲೀನ್ ಮಾಡಿಸೋಣ ಅನ್ನಿ. ಕವಳ ತಿನ್ನುವವರಿಗೆಲ್ಲ ಹಲ್ಲಿನ ಕೆಂಪು ಬಗ್ಗೆ ಒಳಗೊಳಗೇ ನಾಚಿಕೆ ಇರುತ್ತದೆ.

ಹಾಸನದ ಹಳ್ಳಿಯಿಂದ, ಆಶಾ ಕಾರ್ಯಕರ್ತೆ

ಸುಳ್ಳು ಹೇಳಿ ಕರೆದುಕೊಂಡು ಹೋದರೆ ಎರಡನೇ ಸಲ ಬರುವುದಿಲ್ಲ ಅಣ್ಣ. ನಮ್ಮೂರಲ್ಲಿ ನೋಡಿದ್ದೇನೆ. ನಾನಂತೂ "ಈಗಲೇ ತೋರಿಸಿದರೆ ಸಣ್ಣದರಲ್ಲಿ ಮುಗಿಯುತ್ತದೆ" ಅಂತ ನೇರವಾಗಿ ಹೇಳುತ್ತೇನೆ.

ಅಕ್ಕ, ನಿಮ್ಮ ತಾಯಿಯ ಬಾಯಿ ನೋಡಿದಿರಾ? ಹರಿವಾಣ ಗಂಡಸರ ಮುಂದೆ ಇರುತ್ತದೆ, ಹೆಂಗಸರು ಅಡುಗೆಮನೆಯಲ್ಲಿ ಹಾಕಿಕೊಳ್ಳುತ್ತಾರೆ. ಲೆಕ್ಕಕ್ಕೆ ಬರುವುದಿಲ್ಲ. 30 ದಾಟಿದವರಿಗೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ (ಸರ್ಕಾರಿ ಆರೋಗ್ಯ ಕೇಂದ್ರ) ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆಗೆ ದುಡ್ಡಿಲ್ಲ. ಮನೆಯಲ್ಲಿ 9ರಿಂದ 14ರ ಹೆಣ್ಣುಮಕ್ಕಳಿದ್ದರೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಬಗ್ಗೆಯೂ ಡಾಕ್ಟರ್ ಹತ್ತಿರ ಕೇಳಿ.

ಕೇಳಿದವರು, ಎಂಟು ದಿನದ ನಂತರ

ಎಲ್ಲರಿಗೂ ನಮಸ್ಕಾರ. ಸುಳ್ಳು ಹೇಳಲಿಲ್ಲ. ಶನಿವಾರ ಊರಿಗೆ ಹೋದೆ. ಊಟ ಮುಗಿದ ಮೇಲೆ ನಾನೇ ಮೊದಲು ಮೂರು ಬೆರಳು ಬಾಯಿಗಿಟ್ಟು ತೋರಿಸಿ, ನೀವೂ ಇಡಿ ನೋಡುವ ಅಂದೆ. ಆಟ ಅಂದುಕೊಂಡು ಅಪ್ಪಯ್ಯ ಬಾಯಿ ತೆರೆದರು. ಎರಡೂವರೆ ಹೋಯಿತು. ಬೆರಳು ತೆಗೆದು ಸ್ವಲ್ಪ ಹೊತ್ತು ನೋಡಿಕೊಂಡರು. ಏನೂ ಮಾತಾಡಲಿಲ್ಲ. ಆದರೆ ಸೋಮವಾರ ಬೆಳಗ್ಗೆ ಅವರೇ ಅಂಗಿ ಹಾಕಿಕೊಂಡು ರೆಡಿಯಾಗಿ ಕೂತಿದ್ದರು. ಬಯಾಪ್ಸಿ ಆಗಿದೆ, ರಿಪೋರ್ಟ್ ಮುಂದಿನ ವಾರ.

ಆಯಿಯನ್ನೂ ಕೂರಿಸಿ ನೋಡಿದೆ. ಮಚ್ಚೆ ಕಾಣಲಿಲ್ಲ, ಬೆರಳು ಮೂರೂ ಹೋದವು. ಡಾಕ್ಟರ್ ಹತ್ತಿರ ಅವಳನ್ನೂ ತೋರಿಸುತ್ತೇನೆ. "ನಾನು ಯಾವಾಗಲೋ ಒಂದು ಹಾಕುವುದು" ಅಂದಳು. ಆಮೇಲೆ ಸೊಂಟದಿಂದ ಸಂಚಿ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಹೊಗೆಸೊಪ್ಪೂ ಇತ್ತು.

ಸಾಗರದ ಅಣ್ಣ, ನೆಲಗಡಲೆ ಎಷ್ಟು ದಿನ ಸುಲಿದಿರಿ?