ತಮ್ಮನನ್ನು ಕೆಲಸಕ್ಕೆ ಕಳಿಸಲಾ? ಜಾಬ್ ಕೋಚ್ ಇಟ್ಟುಕೊಂಡು ಕಳಿಸಿದವರು ಅನುಭವ ಹೇಳಿ

ತುಮಕೂರಿನ ಅಕ್ಕ ಕೇಳಿದ್ದು

ನನ್ನ ತಮ್ಮನಿಗೆ 24 ವರ್ಷ. ಬೌದ್ಧಿಕ ಅಂಗವೈಕಲ್ಯ, ಸರ್ಟಿಫಿಕೇಟ್‌ನಲ್ಲಿ 60 ಪರ್ಸೆಂಟ್ ಅಂತ ಇದೆ. 18ಕ್ಕೆ ಸ್ಪೆಷಲ್ ಸ್ಕೂಲ್ ಮುಗಿಯಿತು. ಅಲ್ಲಿಂದ ಮನೆಯಲ್ಲೇ, ಟಿವಿ ಮುಂದೆ. ಈಗ ನಮ್ಮೂರಿನ ಒಂದು ಸೂಪರ್ ಮಾರ್ಕೆಟ್‌ನವರು ದಿನಸಿ ಪ್ಯಾಕ್ ಮಾಡುವುದಕ್ಕೆ ಕಳಿಸಿ, ನೋಡೋಣ ಅಂದಿದ್ದಾರೆ. ಅಮ್ಮನಿಗೆ ಭಯ. ಯಾರಾದರೂ ಬೈದರೆ, ದಾರಿ ತಪ್ಪಿದರೆ ಅಂತ ರಾತ್ರಿ ನಿದ್ದೆ ಇಲ್ಲ. 'ಸಪೋರ್ಟೆಡ್ ಎಂಪ್ಲಾಯ್‌ಮೆಂಟ್' ಅಂತ ಒಂದು ಪದ್ಧತಿ ಇದೆ, ಜಾಬ್ ಕೋಚ್ ಒಬ್ಬರು ಜೊತೆಗಿರುತ್ತಾರೆ ಅಂತ ಕೇಳಿದ್ದೇನೆ. ಅದು ನಡೆಯುವುದು ಹೇಗೆ? ಕಳಿಸಿದವರು ದಯವಿಟ್ಟು ಹೇಳಿ.

ಮೈಸೂರಿನ ಒಬ್ಬ ತಾಯಿ

ತಂಗಿ, ನಿಮ್ಮ ಅಮ್ಮನ ಭಯ ನನಗೆ ಗೊತ್ತು. ನನ್ನ ಮಗನಿಗೆ ಈಗ 31, ಡೌನ್ ಸಿಂಡ್ರೋಮ್. ಐದು ವರ್ಷದಿಂದ ಒಂದು ಸಗಟು ದಿನಸಿ ಅಂಗಡಿಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಾನೆ. ಆದರೆ ಇದು ಅವನ ಎರಡನೇ ಕೆಲಸ. ಮೊದಲನೆಯದು ಹೇಗೆ ಕೈತಪ್ಪಿತು ಅಂತ ಮೊದಲು ಹೇಳುತ್ತೇನೆ. ನಾನು ಕಲಿತದ್ದೆಲ್ಲ ಅಲ್ಲೇ.

ಆಗ ಅವನಿಗೆ 25. ತರಬೇತಿ ಕೊಡುವವರು ಹತ್ತು ದಿನ ಅಂಗಡಿಗೆ ಬಂದರು. ಚೆನ್ನಾಗಿ ಕಲಿತಿದ್ದಾನೆ ಅಂತ ಹೇಳಿ ಹೋದರು. ನಿಜವಾಗಿಯೂ ಕಲಿತಿದ್ದ. ಮೂರನೇ ವಾರ ಅಂಗಡಿಯಿಂದ ಫೋನ್ ಬಂತು. "ನಾಳೆಯಿಂದ ಕಳಿಸಬೇಡಿ, ಟೀಗೆ ಹೋದರೆ ವಾಪಸ್ ಬರೋದೇ ಇಲ್ಲ, ಸೋಮಾರಿ" ಅಂದರು. ನನ್ನ ಮಗ ಸೋಮಾರಿ ಅಲ್ಲ. ಆ ಹತ್ತು ದಿನವೂ ಟೀ ಆದಮೇಲೆ "ಬಾ ಹೋಗೋಣ" ಅಂತ ಕರೆಯುತ್ತಿದ್ದವರು ತರಬೇತಿಯವರು. ಅವರು ಹೋದಮೇಲೆ ಕರೆಯುವವರೇ ಇಲ್ಲ. ಖಾಲಿ ಲೋಟ ಹಿಡಿದುಕೊಂಡು ಯಾರಾದರೂ ಕರೆಯಲಿ ಅಂತ ಕಾಯುತ್ತಾ ಕೂತಿರುತ್ತಿದ್ದ. ಇದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳು ಕಳೆದಮೇಲೆ. ಅಷ್ಟು ದಿನವೂ ಬೆಳಗ್ಗೆ ಎಂಟಕ್ಕೆ ಶರ್ಟ್ ಹಾಕಿಕೊಂಡು ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದ.

ಎರಡನೇ ಸಲ ಸಿಕ್ಕ ಕೋಚ್ ಬೇರೆ ಥರ. ನನ್ನ ಮಗನನ್ನು ಕರೆದುಕೊಂಡು ಹೋಗುವ ಮೊದಲು ಆಕೆ ತಾನೇ ಎರಡು ದಿನ ಅಲ್ಲಿ ನಿಂತು ಬೇಳೆ ಪ್ಯಾಕ್ ಮಾಡಿದರು. ಒಂದು ಕಿಲೋ ತೊಗರಿಬೇಳೆ ಪ್ಯಾಕೆಟ್ ಅನ್ನೋದು ನಮಗೆ ಒಂದು ಕೆಲಸ. ಆಕೆ ಅದನ್ನು ಹನ್ನೊಂದು ಹೆಜ್ಜೆ ಮಾಡಿ ಬರೆದುಕೊಂಡರು. ಕವರ್ ಬಾಯಿ ಬಿಡಿಸುವುದು ಒಂದು ಹೆಜ್ಜೆ, ತಕ್ಕಡಿ ಮೇಲೆ ಇಡುವುದು ಇನ್ನೊಂದು. ಮಗ ಎಲ್ಲಿ ನಿಲ್ಲುತ್ತಾನೆ ಅಂತ ನೋಡಿದರು. ತೂಕ ಓದುವಲ್ಲಿ ನಿಂತ. ಅವನಿಗೆ ಅಂಕಿ ಗುರುತು ಸಿಗುತ್ತದೆ, ಹೆಚ್ಚು ಕಮ್ಮಿ ತಿಳಿಯುವುದಿಲ್ಲ. ಆಕೆ ಒಂದು ರಟ್ಟಿನ ಮೇಲೆ 1.000 ಅಂತ ದೊಡ್ಡದಾಗಿ ಬರೆದು ತಕ್ಕಡಿ ಪಕ್ಕ ಅಂಟಿಸಿದರು. ಎರಡೂ ಒಂದೇ ಥರ ಕಂಡರೆ ಸೀಲ್ ಮಾಡು, ಇಲ್ಲದಿದ್ದರೆ ಚಮಚದಲ್ಲಿ ಹಾಕು ಇಲ್ಲವೇ ತೆಗಿ, ಅಷ್ಟೇ. ಮೊದಲ ವಾರ 0.998 ಬಂದರೂ ಬಿಡುತ್ತಿರಲಿಲ್ಲ. ಒಂದೊಂದೇ ಬೇಳೆ ಹಾಕುತ್ತಾ ನಿಲ್ಲುತ್ತಿದ್ದ. ಪಕ್ಕದವರು ನೂರು ಪ್ಯಾಕೆಟ್ ಮಾಡಿದರೆ ಇವನದು ಮೂವತ್ತು. ಮಾಲೀಕರಿಗೆ ಕಿರಿಕಿರಿ ಆಯಿತು. "ಮೂರು ತಿಂಗಳು ಟೈಮ್ ಕೊಡಿ ಸರ್" ಅಂತ ಕೋಚ್ ಅವರನ್ನು ಒಪ್ಪಿಸಿದರು. ಈಗ ಎಪ್ಪತ್ತು ಮಾಡುತ್ತಾನೆ. ಅವನ ಪ್ಯಾಕೆಟ್ ತೂಕ ಕಮ್ಮಿ ಅಂತ ಇವತ್ತಿನವರೆಗೂ ವಾಪಸ್ ಬಂದಿಲ್ಲ.

ಟೀ ವಿಷಯಕ್ಕೆ ಗೋಡೆ ಗಡಿಯಾರದಲ್ಲಿ ಒಂದು ಕೆಂಪು ಸ್ಟಿಕರ್ ಅಂಟಿಸಿದರು. ಉದ್ದ ಮುಳ್ಳು ಕೆಂಪಿಗೆ ಬಂತು ಅಂದರೆ ಏಳಬೇಕು. ಅದರ ಜೊತೆಗೆ ಅಲ್ಲಿನ ಹಿರಿಯ ಕೆಲಸಗಾರರೊಬ್ಬರಿಗೆ "ಮರೆತು ಕೂತರೆ ಒಂದು ಸಲ ಗಡಿಯಾರ ತೋರಿಸಿ, ಕೈ ಹಿಡಿದು ಕರೆದುಕೊಂಡು ಹೋಗಬೇಡಿ" ಅಂತ ಹೇಳಿಕೊಟ್ಟರು. ಮೊದಲ ತಿಂಗಳು ಇಡೀ ದಿನ ಕೋಚ್ ಇದ್ದರು. ಎರಡನೇ ತಿಂಗಳು ಅರ್ಧ ದಿನ. ಆಮೇಲೆ ವಾರಕ್ಕೆರಡು ಸಲ. ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ, ಮ್ಯಾನೇಜರ್ ಬದಲಾದರೆ ಬಂದು ಹೋಗುತ್ತಾರೆ.

ಹಾಗಾಗಿ ಯಾವ ಸಂಸ್ಥೆಗೆ ಹೋದರೂ 'ಎಷ್ಟು ದಿನ ಟ್ರೇನಿಂಗ್' ಅಂತ ಮಾತ್ರ ಕೇಳಬೇಡಿ. ನಾಲ್ಕನೇ ತಿಂಗಳು ಅಲ್ಲಿ ಯಾರಿರುತ್ತಾರೆ, ಅದನ್ನು ಕೇಳಿ.

ಬೆಂಗಳೂರಿನಿಂದ, ಜಾಬ್ ಕೋಚ್ ಆಗಿ ಕೆಲಸ ಮಾಡುವವರು

ಮೈಸೂರಿನ ಅಮ್ಮ ಹೇಳಿದ್ದೇ ಈ ಪದ್ಧತಿಯ ಜೀವ. ಮೊದಲೆಲ್ಲ ಏನು ಮಾಡುತ್ತಿದ್ದರು ಅಂದರೆ, ವರ್ಷಗಟ್ಟಲೆ ಮೇಣದಬತ್ತಿ, ಕವರ್ ಮಾಡಿಸುತ್ತಾ 'ತಯಾರಾದಮೇಲೆ' ಕೆಲಸಕ್ಕೆ ಕಳಿಸೋಣ ಅನ್ನುತ್ತಿದ್ದರು. ಆ ದಿನ ಬರುತ್ತಲೇ ಇರಲಿಲ್ಲ. ಅಮೆರಿಕದಲ್ಲಿ 1970ರ ದಶಕದ ಕೊನೆಗೆ ಪಾಲ್ ವೇಮನ್ ಥರದ ಸಂಶೋಧಕರು ಇದನ್ನು ತಿರುಗಿಸಿ ನೋಡಿದರು. ಮೊದಲು ನಿಜವಾದ ಕೆಲಸಕ್ಕೆ ಸೇರಿಸಿ, ಅಲ್ಲೇ ಕಲಿಸಿ, ಬೇಕಾದಷ್ಟು ದಿನ ಜೊತೆಗಿರಿ. 1986ರಲ್ಲಿ ಅಲ್ಲಿನ ಕಾನೂನಿಗೂ ಅದು ಸೇರಿತು. ಬೌದ್ಧಿಕ ಅಂಗವೈಕಲ್ಯ ಇರುವವರು ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಮಾಡುವುದು ಕಷ್ಟ. ಸೆಂಟರ್‌ನ ತಕ್ಕಡಿ ಬೇರೆ, ಅಂಗಡಿಯ ತಕ್ಕಡಿ ಬೇರೆ. ಅದಕ್ಕೇ ಅಲ್ಲೇ ಕಲಿಸುವುದು.

ತುಮಕೂರಿನಿಂದ ಬೆಂಗಳೂರು ದೂರವೇನಲ್ಲ, ಒಂದು ದಿನ ಬಂದು ಮಾತಾಡಿ. ಎನೇಬಲ್ ಇಂಡಿಯಾ 1999ರಿಂದ ಅಂಗವಿಕಲರ ಉದ್ಯೋಗದ ಕೆಲಸವನ್ನೇ ಮಾಡುತ್ತಿದೆ. ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಇನ್ನೂ ಹಳೆಯದು, 1959ರದ್ದು. ಗಿಡ, ನರ್ಸರಿ ಕೆಲಸ ಇಷ್ಟಪಡುವವರಿಗೆ ಅವರ ತೋಟಗಾರಿಕೆ ತರಬೇತಿ ಇದೆ. ನಿಮ್ಮದು ಹಳ್ಳಿಯಾದರೆ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯೂ) ಕೇಳಿ. ಯುಡಿಐಡಿ ಕಾರ್ಡ್ (ಕೇಂದ್ರ ಸರ್ಕಾರದ ಅಂಗವಿಕಲರ ಗುರುತಿನ ಚೀಟಿ) ಇನ್ನೂ ಮಾಡಿಸಿಲ್ಲ ಅಂದರೆ ಈ ವಾರವೇ ಅರ್ಜಿ ಹಾಕಿ.

ದುಡ್ಡಿನ ವಿಷಯದಲ್ಲಿ ದಯವಿಟ್ಟು ಸಂಕೋಚ ಬೇಡ. 'ಪಾಪ, ಟೈಮ್ ಪಾಸ್ ಆಗುತ್ತೆ, ಏನೋ ಒಂದಿಷ್ಟು ಕೊಡುತ್ತೇವೆ' ಅನ್ನುವ ಕಡೆ ಬಿಡಬೇಡಿ. ಕೆಲಸ ಮಾಡಿದರೆ ಸಂಬಳ, ಅದೂ ಅವನ ಹೆಸರಿನ ಖಾತೆಗೆ. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇದೆಯಾ ಕೇಳಿ. ಬೇರೆಯವರಿಗೆ ಸಂಬಳದ ಮಿತಿ 21,000, ಅಂಗವಿಕಲರಿಗೆ 25,000. ಖಾತೆ ತೆರೆಯುವಾಗ ಕೆಲವು ಬ್ಯಾಂಕಿನವರು ಗಾರ್ಡಿಯನ್‌ಶಿಪ್ ಪತ್ರ ಕೇಳುತ್ತಾರೆ. ಅದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಡಿಸಿ ಇರುವ ಸ್ಥಳೀಯ ಸಮಿತಿಯಿಂದ ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಮೇಲೆ 20 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಖಾಸಗಿ ಸಂಸ್ಥೆ ಸಮಾನ ಅವಕಾಶದ ನೀತಿ ಬರೆದು, ಅಂಗವಿಕಲರಿಗೆ ಏನು ಸೌಲಭ್ಯ ಕೊಡುತ್ತೇವೆ ಅಂತ ಅದರಲ್ಲಿ ಹೇಳಬೇಕು. ಜಗಳಕ್ಕೆ ಅಂತ ಅಲ್ಲ, ತಿಳಿದಿದ್ದರೆ ಮಾತಾಡುವುದಕ್ಕೆ ಧೈರ್ಯ ಬರುತ್ತದೆ.

ಧಾರವಾಡದ ನಿವೃತ್ತ ಅಂಚೆ ನೌಕರರು

ನನ್ನ ಮಗಳು ಒಂದು ಕಾಲೇಜ್ ಕ್ಯಾಂಟೀನ್‌ನಲ್ಲಿ ಚಪಾತಿ ಲಟ್ಟಿಸುತ್ತಾಳೆ. ನಾನು ನಾಲ್ಕು ವರ್ಷ ಅವಳನ್ನು ಬಿಡಲಿಲ್ಲ. ಕಾರಣ ಭಯ ಅಲ್ಲ, ಪೆನ್ಶನ್. ನಾನು ಹೋದಮೇಲೆ ಅವಳಿಗೆ ಬರಬೇಕಾದ ಕುಟುಂಬ ಪಿಂಚಣಿ, ಸಂಬಳ ಬಂದರೆ ನಿಂತುಹೋಗುತ್ತದೆ ಅಂತ ಯಾರೋ ಹೇಳಿದ್ದರು. ಹಿಂದೆ ಮಿತಿ ಬಹಳ ಕಡಿಮೆ ಇತ್ತು, ಅದು ನಿಜ. 2021ರಲ್ಲಿ ಕೇಂದ್ರ ಸರ್ಕಾರ ಅದನ್ನು ಬದಲಾಯಿಸಿತು. ಈಗ ಅಂಗವಿಕಲ ಮಗ ಅಥವಾ ಮಗಳ ಬೇರೆ ಆದಾಯ, ಸಾಮಾನ್ಯ ದರದ ಕುಟುಂಬ ಪಿಂಚಣಿಗಿಂತ, ಅಂದರೆ ಕೊನೆಯ ಸಂಬಳದ ಶೇ 30 ಮತ್ತು ಅದರ ಮೇಲಿನ ತುಟ್ಟಿಪರಿಹಾರಕ್ಕಿಂತ ಕಮ್ಮಿ ಇದ್ದರೆ ಪಿಂಚಣಿ ಸಿಗುತ್ತದೆ. ಇದು ಕೇಂದ್ರದ ನೌಕರರಿಗೆ. ನಿಮ್ಮ ತಂದೆ ರಾಜ್ಯ ಸರ್ಕಾರದಲ್ಲಿದ್ದರೆ ಅವರ ಇಲಾಖೆಯಲ್ಲಿ ಬರಹದಲ್ಲಿ ಕೇಳಿ ತಗೊಳ್ರಿ. ಸುಮ್ನೆ ಯಾರೋ ಹೇಳಿದ ಮಾತಿಗೆ ನಾನು ಮಗಳ ನಾಲ್ಕು ವರ್ಷ ಕಳೆದೆ.

ಇನ್ನೊಂದು. ಅಮ್ಮನವರಿಗೆ ಬಾಯಿಮಾತಲ್ಲಿ ಧೈರ್ಯ ಹೇಳಿದರೆ ಆಗಲ್ಲ, ಕಣ್ಣಾರೆ ತೋರಿಸಿ. ಮಿಟ್ಟಿ ಕೆಫೆ ಅಂತ ಇದೆಯಲ್ಲ, ಅದು ಶುರುವಾಗಿದ್ದೇ ನಮ್ಮ ಹುಬ್ಬಳ್ಳಿಯ ಕಾಲೇಜ್ ಒಂದರಲ್ಲಿ, 2017ರಲ್ಲಿ. ಬೆಂಗಳೂರಿನಲ್ಲೂ ಇದೆ, 2023ರಲ್ಲಿ ಸುಪ್ರೀಂ ಕೋರ್ಟ್ ಆವರಣದಲ್ಲೂ ತೆರೆದರು. ಅಲ್ಲಿ ಹೋಗಿ ಒಂದು ಟೀ ಕುಡಿದು ಬನ್ನಿ. ತಂದುಕೊಡುವವರು ನಿಮ್ಮ ತಮ್ಮನಂಥವರೇ. ನನ್ನ ಹೆಂಡತಿ ಒಪ್ಪಿದ್ದು ಅಂಥ ಒಂದು ಟೇಬಲ್ ಮುಂದೆ ಕೂತಾಗ.

ಸೆರೆಬ್ರಲ್ ಪಾಲ್ಸಿ ಇರುವ ಒಬ್ಬರು, ಡೇಟಾ ಎಂಟ್ರಿ ಕೆಲಸ

ಎಲ್ಲರೂ ಅಮ್ಮನ ಬಗ್ಗೆ, ಅಂಗಡಿಯವರ ಬಗ್ಗೆ ಹೇಳಿದ್ದೀರಿ. ಅಕ್ಕಾ, ತಮ್ಮನನ್ನು ಕೇಳಿದ್ದೀರಾ? ನನ್ನನ್ನು ಮೊದಲು ಸೇರಿಸಿದ ಜಾಗದಲ್ಲಿ ದಿನವಿಡೀ ಮಷಿನ್ ಸದ್ದು. ನನಗೆ ಆಗುತ್ತಿರಲಿಲ್ಲ. ಆದರೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಲಸ ಬಿಟ್ಟಾಗ ಮನೆಯಲ್ಲಿ 'ಇವನಿಗೆ ಆಗಲ್ಲ' ಅಂತ ತೀರ್ಮಾನ ಆಯಿತು. ನಿಮ್ಮ ತಮ್ಮನಿಗೆ ಮಾತು ಕಮ್ಮಿ ಇದ್ದರೆ ಅಂಗಡಿಗೆ ಎರಡು ಮೂರು ಸಲ ಕರೆದುಕೊಂಡು ಹೋಗಿ, ಅವನ ಮುಖ ನೋಡಿ. ಅದೇ ಉತ್ತರ.

ತುಮಕೂರಿನ ಅಕ್ಕ, ಮತ್ತೆ

ಎಲ್ಲರಿಗೂ ಕೈಮುಗಿದೆ. ನಿನ್ನೆ ಕರೆದುಕೊಂಡು ಹೋಗಿದ್ದೆ. ಬಿಸ್ಕೆಟ್ ಸಾಲಿನ ಮುಂದೆ ನಿಂತು, ತಿರುಗಿ ಬಿದ್ದಿದ್ದ ಪ್ಯಾಕೆಟ್‌ಗಳನ್ನೆಲ್ಲ ಹೆಸರು ಮುಂದೆ ಬರುವ ಹಾಗೆ ಇಟ್ಟ. ಯಾರೂ ಹೇಳಿರಲಿಲ್ಲ. ಮಾಲೀಕರು ಅದನ್ನು ನೋಡುತ್ತಾ ನಿಂತಿದ್ದರು. ಕೋಚ್ ಸಿಗುವವರೆಗೂ ಕಾಯುತ್ತೇವೆ ಅಂದಿದ್ದಾರೆ. ಅಮ್ಮನದು ಈಗ ಒಂದೇ ಪ್ರಶ್ನೆ, ಬಸ್ಸು. ಮನೆಯಿಂದ ನಾಲ್ಕು ಸ್ಟಾಪ್.

ಮೈಸೂರಿನ ತಾಯಿ

ಮೊದಲ ಎರಡು ವಾರ ಅವನ ಪಕ್ಕದ ಸೀಟಿನಲ್ಲಿ ಕೂತುಕೊಳ್ಳಿ. ಆಮೇಲೆ ಎರಡು ಸೀಟು ಹಿಂದೆ. ಇಳಿಯುವ ಜಾಗ ಅವನೇ ಹೇಳಲಿ, ನೀವು ಬಾಯಿ ಬಿಡಬೇಡಿ. ನಾವು ಒಂದು ಸಲ ಬೇಕಂತಲೇ ಒಂದು ಸ್ಟಾಪ್ ಮುಂದಕ್ಕೆ ಹೋಗಿ ಇಳಿದು, ಹಿಂದಕ್ಕೆ ಹೇಗೆ ಬರುವುದು ಅಂತ ಕಲಿಸಿದೆವು. ಅದು ಬಹಳ ಉಪಯೋಗಕ್ಕೆ ಬಂತು. ಕೊನೆಗೆ ಅವನು ಬಸ್ಸಿನಲ್ಲಿ, ಅವರಪ್ಪ ಹಿಂದೆ ಸ್ಕೂಟರ್‌ನಲ್ಲಿ. ಜೇಬಿನಲ್ಲಿ ಮನೆಯ ಫೋನ್ ನಂಬರ್ ಇರುವ ಚೀಟಿ ಇರಲಿ. ಬಸ್ ಬರದ ದಿನ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಮನೆಯಲ್ಲೇ ಹತ್ತು ಸಲ ಮಾಡಿಸಿ. ನನ್ನ ಮಗನಿಗೆ ಇದೆಲ್ಲ ಕಲಿಯೋಕೆ ಏಳು ವಾರ ಬೇಕಾಯಿತು.