ಸಾಹುಕಾರ್ರಿಗೆ ಹೇಳುವವರು ಯಾರು?

ಮೀಟಿಂಗಿನಲ್ಲಿ ಬೈಯುವ ಮ್ಯಾನೇಜರನ್ನು, ಭಾವನೆ ಅರಿತು ನಡೆಯುವುದನ್ನು ಕಲಿಸುವ ಎಮೋಷನಲ್ ಇಂಟೆಲಿಜೆನ್ಸ್ ಟ್ರೈನಿಂಗಿಗೆ ಕಳಿಸಿದರೆ ವಾಪಸ್ ಬಂದು ಏನು ಮಾಡುತ್ತಾನೆ? ನಗುತ್ತಾ ಬೈಯುತ್ತಾನೆ. ಸುಂಟಿಕೊಪ್ಪದ ನಮ್ಮ ಬೇಕರಿ ಬೆಂಚು ಮೊದಲ ಟೀ ಮುಗಿಯುವುದರೊಳಗೆ ಈ ತೀರ್ಮಾನಕ್ಕೆ ಬಂದಿತ್ತು. ಆದರೆ ಹೊರಗೆ ಮಳೆ ನಿಂತಿರಲಿಲ್ಲ, ಹಾಗಾಗಿ ಎರಡನೇ ಟೀಗೂ ಅದೇ ವಿಷಯ ಎಳೆಯಬೇಕಾಯಿತು.

ವಿಷಯ ತಂದವನು ನಮ್ಮ ಐಟಿ ಹುಡುಗ. ಬೆಂಗಳೂರಿನ ಕೆಲಸವನ್ನು ಇಲ್ಲೇ ಮನೆಯಲ್ಲಿ ಕೂತು ಮಾಡುತ್ತಾನೆ, ಅಂದರೆ ಕರೆಂಟ್ ಇದ್ದಾಗ ಮಾಡುತ್ತಾನೆ.

"ಮೊದಲೆಲ್ಲ ಹುತ್ತರಿಗೆ ರಜೆ ಕೇಳಿದರೆ 'ಆಗಲ್ಲ' ಅಂತ ಒಂದು ಮೆಸೇಜ್ ಬರುತ್ತಿತ್ತು ಅಣ್ಣಾ, ಅಲ್ಲಿಗೆ ಮುಗೀತು. ಟ್ರೈನಿಂಗ್ ಆದ ಮೇಲೆ ವಿಡಿಯೋ ಕಾಲ್ ಮಾಡಿದರು. ಹಬ್ಬದ ದಿನ ಮನೆಯವರ ಜೊತೆ ಇರಬೇಕು ಅನ್ನುವ ನಿನ್ನ ಆಸೆ ಅರ್ಥ ಆಗುತ್ತದೆ, ಹೇಳಿಕೊಂಡಿದ್ದಕ್ಕೆ ಥ್ಯಾಂಕ್ಸ್ ಅಂದರು. ಅರ್ಧ ಗಂಟೆ ಆದ ಮೇಲೆ ಆಗಲ್ಲ ಅಂದರು. ರಜೆ ಕೊಡೋಕೆ ಆಗಲಿಲ್ಲ ಅಂತ ಅವರಿಗೆ ಎಷ್ಟು ಬೇಜಾರಾಯಿತು ಅಂದರೆ, ಕೊನೆಗೆ ನಾನೇ ಸಮಾಧಾನ ಹೇಳಬೇಕಾಯಿತು."

"ಹಳೇ ಮ್ಯಾನೇಜರೇ ವಾಸಿ ಮಾರಾಯ," ಎಂದರು ರೈಟರ್. ಇವರು ಕಾಫಿ ತೋಟದ ರೈಟರ್, ಹಾಜರಿ ಪುಸ್ತಕ ಬಿಟ್ಟು ಬೇರೇನೂ ಬರೆದವರಲ್ಲ.

ಹುಡುಗ ಬಿಡಲಿಲ್ಲ. ಎಮೋಷನಲ್ ಇಂಟೆಲಿಜೆನ್ಸ್ ಸುಮ್ನೆ ಹುಟ್ಟಿದ ಮಾತಲ್ಲ, 1990ರಲ್ಲಿ ಸ್ಯಾಲೋವಿ, ಮೇಯರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ಲೇಖನ ಬರೆದರು, 1995ರಲ್ಲಿ ಡೇನಿಯಲ್ ಗೋಲ್ಮನ್ ಎಂಬುವರ ಪುಸ್ತಕ ಬಂದು ಊರೆಲ್ಲ ಹಬ್ಬಿತು, ಒಳ್ಳೆಯ ಲೀಡರಿಗೆ ಐದು ಗುಣ ಬೇಕು ಎಂದು 1998ರಲ್ಲಿ ಅವರೇ ಬರೆದರು ಎಂದೆಲ್ಲ ಶುರು ಮಾಡಿದ.

"ಹೇಳು ನೋಡುವ, ನಮ್ಮ ತೋಟದ ಸಾಹುಕಾರ್ರಿಗೆ ಎಷ್ಟು ಮಾರ್ಕ್ ಬರುತ್ತದೆ," ಎಂದು ರೈಟರ್ ಸರಿಯಾಗಿ ಕೂತರು.

"ತನ್ನನ್ನು ತಾನು ತಿಳಿದಿರುವುದು."

"ಫುಲ್ ಮಾರ್ಕ್. ತಾನು ಸಾಹುಕಾರ ಅನ್ನುವುದನ್ನು ಒಂದು ನಿಮಿಷವೂ ಮರೆಯುವುದಿಲ್ಲ."

"ಸಿಟ್ಟು ಹಿಡಿತದಲ್ಲಿಡುವುದು."

"ಫೋನ್ ಎಸೆಯುವುದು ಬಿಟ್ಟಿದ್ದಾರೆ. ಈಗಿನದು ಜಾಸ್ತಿ ರೇಟಿಂದು."

"ಕೆಲಸದ ಹುಮ್ಮಸ್ಸು."

"ಕಾಫಿ ರೇಟ್ ಏರಿದ ದಿನ ನೋಡಬೇಕು."

"ಬೇರೆಯವರ ಕಷ್ಟ ಅರ್ಥ ಮಾಡಿಕೊಳ್ಳುವುದು."

"ಇದೆ. ಅವರ ಜೀಪಿಗೆ ಒಂದು ಗೀರು ಬಿದ್ದರೆ ಕಣ್ಣಲ್ಲಿ ನೀರು ಬರುತ್ತದೆ."

"ಜನರ ಜೊತೆ ಹೊಂದಿಕೊಳ್ಳುವುದು."

"ಕ್ಲಬ್ಬಿನಲ್ಲಿ ದೇವರಂಥ ಮನುಷ್ಯ!"

ಇಷ್ಟು ಹೊತ್ತು ಬನ್ನು ಅದ್ದಿ ತಿನ್ನುತ್ತಿದ್ದ ಸುಬೇದಾರ್ರು ಬಾಯಿ ಒರೆಸಿಕೊಂಡರು. "ಕಾರ್ಯಪ್ಪನವರು, ತಿಮ್ಮಯ್ಯನವರು ಯಾವ ಟ್ರೈನಿಂಗಿಗೆ ಹೋಗಿದ್ದರು? ಆರ್ಡರ್ ಅಂದರೆ ಆರ್ಡರ್." ಕೊಡಗಿನಲ್ಲಿ ಮಾತು ದಾಸವಾಳದ ಹೂವಿನಿಂದ ಶುರುವಾದರೂ ಎರಡನೇ ಟೀ ಹೊತ್ತಿಗೆ ಈ ಇಬ್ಬರು ಬಂದೇ ಬರುತ್ತಾರೆ, ಅದು ಬೇರೆ ಮಾತು. ಆದರೆ ಈ ಸಲ ಸುಬೇದಾರ್ರ ಬಾಯಿಂದಲೇ ಅವರ ವಾದ ತಿರುಗಿತು. 1953ರಲ್ಲಿ ಕೊರಿಯಾ ಯುದ್ಧ ನಿಂತ ಮೇಲೆ ತಮ್ಮ ದೇಶಕ್ಕೆ ವಾಪಸ್ ಹೋಗುವುದಿಲ್ಲ ಎಂದು ಕೂತ ಯುದ್ಧಕೈದಿಗಳು 22 ಸಾವಿರಕ್ಕೂ ಜಾಸ್ತಿ, ಅವರ ವಿಚಾರ ನೋಡಲು ಐದು ದೇಶಗಳ ಒಂದು ಆಯೋಗ, ಅದಕ್ಕೆ ಅಧ್ಯಕ್ಷರು ತಿಮ್ಮಯ್ಯನವರು, ಎರಡು ಕಡೆಯವರಿಗೂ ಅನುಮಾನ, ಕೈದಿಗಳಿಗೆ ಎಲ್ಲರ ಮೇಲೂ ಅನುಮಾನ. "ಅಲ್ಲಿ 'ಸಾವಧಾನ್' ಎಂದು ಕೂಗಿದರೆ ಯಾರು ನಿಲ್ಲುತ್ತಾರೆ? ಕೇಳಿಸಿಕೊಳ್ಳಬೇಕು, ತಾಳ್ಮೆ ಬೇಕು," ಎಂದರು.

"ಹಾಗಾದರೆ ಮನೆಯಲ್ಲಿ ನೀವು ಯಾಕೆ ಕೂಗುವುದು? ನಮ್ಮ ಮನೆ ತನಕ ಕೇಳುತ್ತದೆ," ಎಂದರು ಸಿಸ್ಟರಕ್ಕ. ನರ್ಸ್ ಕೆಲಸದಿಂದ ರಿಟೈರ್ ಆದವರು, ಸುಬೇದಾರ್ರ ಪಕ್ಕದ ಮನೆ. ಸುಬೇದಾರ್ರು ಇನ್ನೊಂದು ಬನ್ನು ತರಿಸಿಕೊಂಡರು.

ಆಗ ಬಾಯಿ ಬಿಟ್ಟವರು ಹೋಂಸ್ಟೇ ಅಣ್ಣ. ಕೆಲಸಕ್ಕಾಗಿ ನಗುವುದೂ ಒಂದು ದುಡಿಮೆಯೇ ಎಂದು ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ ಗಗನಸಖಿಯರನ್ನು ನೋಡಿ 1983ರಲ್ಲೇ ಬರೆದಿದ್ದಾರಂತೆ. ಹುಡುಗ ಇದನ್ನು ಹೇಳಿದ್ದೇ ತಡ, ಅಣ್ಣ ಕುರ್ಚಿ ಮುಂದೆ ಎಳೆದುಕೊಂಡರು. "ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ಕ್ಯಾಂಪ್‌ಫೈರ್ ಹಾಕಿ ಅನ್ನುತ್ತಾರೆ, ನಾನು ನಗಬೇಕು. ಆದರೆ ಹೋದ ವರ್ಷ ಕಕ್ಕಡ ಹದಿನೆಂಟಕ್ಕೆ ಬಂದ ಟೀಮ್ ಇದೆಯಲ್ಲ, ಆವತ್ತು ನಗು ತಡೆಯುವುದೇ ಕಷ್ಟ ಆಯಿತು."

ಬೆಂಗಳೂರಿನ ಒಂದು ಕಂಪನಿಯವರು. ಬಂದಿದ್ದೇ ಇದೇ ವಿಷಯದ ಟ್ರೈನಿಂಗಿಗೆ, ಒಬ್ಬರನ್ನೊಬ್ಬರು ನಂಬುವುದು ಹೇಗೆ, ಮನಸ್ಸು ಬಿಚ್ಚಿ ಮಾತಾಡುವುದು ಹೇಗೆ ಅಂತ. ಕಕ್ಕಡ ಹದಿನೆಂಟು ಅಂದರೆ ಆಗಸ್ಟ್ 3, ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ದಿನ. ನೇರಳೆ ಬಣ್ಣದ ಪಾಯಸ ನೋಡಿ ಎಲ್ಲರೂ ಫೋಟೋ ತೆಗೆದರು, ಎರಡೆರಡು ಬಟ್ಟಲು ಹೊಡೆದರು. ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ ಎಂದು ಕೊಡಗಿನ ಸಣ್ಣ ಮಕ್ಕಳಿಗೂ ಗೊತ್ತು. ಇವರಿಗೆ ಹೇಳುವುದು ಅಣ್ಣನಿಗೆ 'ಮರೆತುಹೋಯಿತು'. ಮರೆತದ್ದು ಎಷ್ಟು, ಮರೆಸಿದ್ದು ಎಷ್ಟು ಎಂದು ನಾವು ಕೇಳಲಿಲ್ಲ.

"ಬೆಳಿಗ್ಗೆ ಒಬ್ಬೊಬ್ಬರೇ ಬಾತ್‌ರೂಮಿನಿಂದ ಬರುತ್ತಾರೆ, ಮುಖ ಬಿಳಿ. ಒಬ್ಬರೂ ಮಾತಿಲ್ಲ. ಎಲ್ಲರೂ ಸುತ್ತ ಕೂತರು. ಟ್ರೈನರ್ ಕೇಳಿದರು, ಈಗ ಮನಸ್ಸಿನಲ್ಲಿ ಏನಿದೆ, ಮುಕ್ತವಾಗಿ ಹೇಳಿ ಅಂತ. ಎಲ್ಲಾ ಚೆನ್ನಾಗಿದೆ, ತುಂಬಾ ಪಾಸಿಟಿವ್ ಅನಿಸುತ್ತಿದೆ ಅಂದರು! ಅವರ ಬಾಸ್ ಮಾತ್ರ ಕಾಫಿ ಗಿಡದ ಹಿಂದೆ ನಿಂತು ಇನ್ಶೂರೆನ್ಸಿನವರಿಗೆ ಫೋನ್ ಮಾಡುತ್ತಿದ್ದರು. ಹನ್ನೊಂದು ಗಂಟೆ ತನಕ ಅಷ್ಟೂ ಜನ ತಂತಮ್ಮ ಕಿಡ್ನಿಗೆ ಒಳಗೊಳಗೇ ತಿಥಿ ಮಾಡುತ್ತಾ ಕೂತಿದ್ದರು ಮಾರಾಯ. ಕೊನೆಗೆ ಟೀಮಿನಲ್ಲೇ ಚಿಕ್ಕ ಹುಡುಗಿ, ಹೊಸದಾಗಿ ಸೇರಿದವಳು, ಅಡುಗೆಮನೆಗೆ ಬಂದು ನಮ್ಮ ಅಡುಗೆ ಅಕ್ಕನ ಕಿವಿಯಲ್ಲಿ ಕೇಳಿದಳು. ಬಾಸನ್ನಲ್ಲ, ಟ್ರೈನರನ್ನಲ್ಲ, ಅಡುಗೆಯವಳನ್ನು!"

ನಕ್ಕು ನಕ್ಕು ರೈಟರಿಗೆ ಟೀ ನೆತ್ತಿಗೇರಿತು. ಹುಡುಗನಿಗೆ ಮಾತ್ರ ಬೇರೇನೋ ನೆನಪಾಯಿತು. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದ್ದರಂತೆ, 1996ರಲ್ಲಿ ಅದು ಪ್ರಕಟವಾಯಿತು. ಒಳ್ಳೆಯ ಟೀಮಿನಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡರೆ ಲೆಕ್ಕ ಉಲ್ಟಾ ಬಂತು. ಒಳ್ಳೆಯ ಟೀಮಿನಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಅವರು ತಪ್ಪು ಜಾಸ್ತಿ ಮಾಡುತ್ತಿದ್ದರು ಅಂತಲ್ಲ. ಅಲ್ಲಿ ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ, ಉಳಿದ ಕಡೆ ಮುಚ್ಚಿಡುತ್ತಿದ್ದರು.

"ಇದಕ್ಕೆ ಅಮೆರಿಕಕ್ಕೆ ಯಾಕೆ ಹೋಗಬೇಕು," ಎಂದರು ಸಿಸ್ಟರಕ್ಕ. ಅವರು ಇಬ್ಬರು ಹೆಡ್ ಸಿಸ್ಟರ್ ಕೈಕೆಳಗೆ ದುಡಿದವರು. ಒಬ್ಬರು ಎಲ್ಲರ ಹುಟ್ಟುಹಬ್ಬಕ್ಕೂ ಕೇಕ್ ತರುತ್ತಿದ್ದರು, ಕಂದಾ, ಚಿನ್ನಾ ಎಂದು ಕರೆಯುತ್ತಿದ್ದರು. ಇನ್ನೊಬ್ಬರು ಯಾವಾಗಲೂ ಮುಖ ಗಂಟು. "ಆದರೆ ತಪ್ಪಾಗಿದೆ ಎಂದು ಹೇಳಿದರೆ ಗಂಟುಮುಖದವರು ಮೊದಲು ಕೇಳುತ್ತಿದ್ದದ್ದು, ಪೇಷಂಟ್ ಹೇಗಿದ್ದಾರೆ ಅಂತ. ಕೇಕಿನವರು ಮೊದಲು ಕೇಳುತ್ತಿದ್ದದ್ದು, ಯಾರು ಮಾಡಿದ್ದು ಅಂತ. ಅವರ ಡ್ಯೂಟಿಯಲ್ಲಿ ನಾವು ಯಾರೂ ಒಂದು ತಪ್ಪೂ ಮಾಡಲಿಲ್ಲ. ಮಾಡಿದ್ದು ಅವರಿಗೆ ಗೊತ್ತೇ ಆಗಲಿಲ್ಲ."

ನನಗೆ ಕೇಳಿದರೆ, ಆ ಐದು ಗುಣಕ್ಕಿಂತ ಈ ಎರಡು ಪ್ರಶ್ನೆ ಸಾಕು, ಬಾಸ್ ಎಂಥವರು ಅಂತ ತಿಳಿಯಲು. ನಗು ಕಲಿಯಬಹುದು. ಕೆಟ್ಟ ಸುದ್ದಿ ಬಂದಾಗ ಬಾಯಿಗೆ ಮೊದಲು ಬರುವ ಮಾತು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ರೈಟರ್ ಮಾತ್ರ ತಣ್ಣಗಾಗಿದ್ದರು. ಅವರ ತೋಟದ ಕೆಳಗಿನ ಬ್ಲಾಕಿನಲ್ಲಿ ಕೊಳೆರೋಗ ಶುರುವಾಗಿ ಆಗಲೇ ಕೆಲವು ದಿನ ಆಗಿತ್ತು. ಮಳೆಗೆ ಮೊದಲು ಬೋರ್ಡೋ ಔಷಧಿ ಹೊಡೆಸುವ ಎಂದರೆ ಖರ್ಚು ಜಾಸ್ತಿ, ಬೇಡ ಅಂದವರು ಸಾಹುಕಾರ್ರೇ. ಆದರೆ ಇನ್ನೂ ಅವರಿಗೆ ಹೇಳಿರಲಿಲ್ಲ.

"ಈಗಲೇ ಹೇಳಿ," ಎಂದರು ಸಿಸ್ಟರಕ್ಕ. "ಸ್ಪೀಕರ್ ಹಾಕಿ, ಮೊದಲು ಎಂತ ಕೇಳುತ್ತಾರೆ ನೋಡುವ." ಸುಬೇದಾರ್ರು ಗಿಡದ ಬಗ್ಗೆ ಕೇಳುತ್ತಾರೆ ಎಂದು ಒಂದು ಪ್ಲೇಟ್ ಪಫ್ಸ್ ಬಾಜಿ ಕಟ್ಟಿದರು. ರೈಟರ್ ಎದ್ದು ನಿಂತೇ ಫೋನ್ ಮಾಡಿದರು.

"ಸರ್, ಕೆಳಗಿನ ಬ್ಲಾಕಲ್ಲಿ ಸ್ವಲ್ಪ ಕೊಳೆ ಕಾಣಿಸಿಕೊಂಡಿದೆ ಸರ್."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಂತು. "ಬೋರ್ಡೋ ಬೇಡ ಅಂದಿದ್ದು ಯಾರು?"

"ಹಲೋ? ಹಲೋ? ಸರ್, ಕೇಳಿಸ್ತಿಲ್ಲ ಸರ್, ಇಲ್ಲಿ ಮಳೆ," ಎಂದು ರೈಟರ್ ಫೋನ್ ಕಟ್ ಮಾಡಿ ಸುಬೇದಾರ್ರ ಕಡೆ ನೋಡಿದರು. "ನನಗೆ ವೆಜ್ ಪಫ್ಸ್."